‘ಎಲ್ಲಾ ಸೇರಿ ಇಷ್ಟು’: ಬೆಂಗಳೂರಿನಲ್ಲಿ ನೀರು, ಕರೆಂಟು ಸೇರಿದ ಬಾಡಿಗೆ ಮನೆ ಹಿಡಿಯುವುದು ಹೇಗೆ?

ಬೆಂಗಳೂರಿಗೆ ಬಂದ ಹೊಸದರಲ್ಲಿ ವಿಜಯನಗರದ ಹತ್ತಿರ ಒಂದು ಸಣ್ಣ ಮನೆ ಹಿಡಿದಿದ್ದೆ. ಒಂದು ರೂಮು, ಒಂದು ಅಡುಗೆಮನೆ. ಓನರ್ ಮೊದಲ ದಿನವೇ ‘ಎಲ್ಲಾ ಸೇರಿ ಒಂಬತ್ತು ಸಾವಿರ’ ಅಂದಿದ್ದರು. ನಾನು ಖುಷಿಯಾಗಿ ಅಡ್ವಾನ್ಸ್ ಕೊಟ್ಟೆ. ತಿಂಗಳ ಕೊನೆಗೆ ಒಂದು ಚೀಟಿ ಬಂತು. ಮೋಟರ್ ಕರೆಂಟು 250, ಕಾವೇರಿ ನೀರು 300, ಮೆಟ್ಟಿಲು ಗುಡಿಸುವವರಿಗೆ 100. ಕೇಳಿದರೆ, ‘ನೀರು ಸೇರಿ ಅಂದಿದ್ದು ಬೋರ್ ನೀರಿಗೆ, ಕಾವೇರಿಗೆ ಅಲ್ಲ’ ಅಂದರು. ಆ ಮನೆಯಲ್ಲಿ 14 ತಿಂಗಳು ಇದ್ದೆ. ತಿಂಗಳಿಗೆ 650 ರೂಪಾಯಿಯಂತೆ 9,100 ರೂಪಾಯಿ. ಅಂದರೆ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ.

ಅಲ್ಲಿಂದ ಈಚೆಗೆ ನಾಲ್ಕು ಮನೆ ಬದಲಿಸಿದ್ದೇನೆ. ತಮ್ಮನಿಗೆ, ಊರಿನಿಂದ ಬಂದ ಗೆಳೆಯರಿಗೆ, ಆಫೀಸಿನ ಹುಡುಗಿಯರಿಗೆ ಮನೆ ಹುಡುಕಿಕೊಟ್ಟಿದ್ದೇನೆ. ‘ಎಲ್ಲಾ ಸೇರಿ’ ಅನ್ನುವ ಮಾತಿನೊಳಗೆ ಏನೇನಿದೆ ಅಂತ ಅಡ್ವಾನ್ಸ್ ಕೊಡುವ ಮೊದಲೇ ಬಿಡಿಸಿ ನೋಡಿದವರು ತಿಂಗಳ ಸಂಬಳದಲ್ಲಿ ನೆಮ್ಮದಿಯಾಗಿದ್ದಾರೆ. ಬಿಡಿಸದವರು ಪ್ರತಿ ತಿಂಗಳೂ ಓನರ್ ಜೊತೆ ಮಾತಿಗೆ ಮಾತು ಬೆಳೆಸುತ್ತಿದ್ದಾರೆ. ಹಾಗಾಗಿ ಮೊದಲ ದಿನದಿಂದ ಮನೆ ಖಾಲಿ ಮಾಡುವ ದಿನದವರೆಗೆ ಏನು ಮಾಡಬೇಕು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಹಂತ 1: ‘ಎಲ್ಲಾ’ ಅಂದರೆ ಏನೇನು ಅಂತ ಬರೆದುಕೊಳ್ಳಿ

ಮನೆ ನೋಡಲು ಹೋಗುವ ಮೊದಲು ಫೋನಿನಲ್ಲಿ ಒಂದು ಪಟ್ಟಿ ಇಟ್ಟುಕೊಳ್ಳಿ. ಮನೆಯೊಳಗಿನ ಕರೆಂಟು. ನೀರೆತ್ತುವ ಮೋಟರ್, ಲಿಫ್ಟ್, ಮೆಟ್ಟಿಲ ದೀಪಕ್ಕೆ ಆಗುವ ಕರೆಂಟು. ಕಾವೇರಿ ನೀರು, ಬೋರ್ ನೀರು, ಬೇಸಿಗೆಯಲ್ಲಿ ತರಿಸುವ ಟ್ಯಾಂಕರ್ ನೀರು. ಮೇಂಟೆನೆನ್ಸ್. ಬೈಕ್ ಅಥವಾ ಕಾರು ಪಾರ್ಕಿಂಗ್. ಜನರೇಟರ್ ಅಥವಾ ಯುಪಿಎಸ್. ವೈಫೈ. ಇಷ್ಟರಲ್ಲಿ ಯಾವುದು ಬಾಡಿಗೆಯೊಳಗೆ, ಯಾವುದು ಹೊರಗೆ ಅಂತ ಒಂದೊಂದನ್ನೂ ಹೆಸರು ಹಿಡಿದು ಕೇಳಿ. ‘ನೀರು ಫ್ರೀ ಅಲ್ವಾ ಸಾರ್?’ ಅಂತ ಕೇಳಬೇಡಿ. ‘ಬೇಸಿಗೆಯಲ್ಲಿ ಟ್ಯಾಂಕರ್ ಬಂದರೆ ದುಡ್ಡು ಯಾರು ಕೊಡ್ತಾರೆ?’ ಅಂತ ಕೇಳಿ. ಎರಡಕ್ಕೂ ಬರುವ ಉತ್ತರ ಬೇರೆ ಬೇರೆ ಇರುತ್ತದೆ.

ಬೆಂಗಳೂರಿನಲ್ಲಿ ಎಂಥ ಮನೆಯಲ್ಲಿ ಏನು ಸೇರಿರುತ್ತದೆ ಅನ್ನುವುದಕ್ಕೆ ಒಂದು ರೂಢಿ ಇದೆ. ಓನರ್ ಕೆಳಗಿದ್ದು ಮೇಲಿನ ಮಹಡಿ ಬಾಡಿಗೆಗೆ ಕೊಟ್ಟ ಮನೆಯಲ್ಲಿ ಸಾಮಾನ್ಯವಾಗಿ ನೀರು ಸೇರಿರುತ್ತದೆ, ಕರೆಂಟಿಗೆ ಬೇರೆ ಮೀಟರ್ ಇರುತ್ತದೆ. ಒಂದೇ ಕಟ್ಟಡದಲ್ಲಿ ಹತ್ತು ಹನ್ನೆರಡು ಒನ್ ಆರ್‌ಕೆ (ಒಂದು ರೂಮು, ಒಂದು ಅಡುಗೆಮನೆ) ಮನೆ ಕಟ್ಟಿರುವ ಕಡೆ ಓನರ್ ಹಾಕಿಸಿದ ಸಬ್ ಮೀಟರ್ ಇರುವುದು ಜಾಸ್ತಿ. ಅಲ್ಲಿ ಓನರ್ ಹೇಳಿದ್ದೇ ಯೂನಿಟ್ ದರ. ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಮೇಂಟೆನೆನ್ಸ್ ಸೇರಿಸಿ ಬಾಡಿಗೆ ಹೇಳುತ್ತಾರೆ, ಕರೆಂಟು ನಮ್ಮದು. ಫರ್ನಿಷ್ಡ್ ಸ್ಟುಡಿಯೊ, ಕೋ-ಲಿವಿಂಗ್ ಕಡೆ ಮಾತ್ರ ವೈಫೈವರೆಗೂ ಎಲ್ಲ ಸೇರಿರುತ್ತದೆ. ಅಲ್ಲಿಯೂ ಕರೆಂಟಿಗೆ ‘ಇಷ್ಟು ಯೂನಿಟ್‌ವರೆಗೆ ಮಾತ್ರ’ ಅನ್ನುವ ಮಿತಿ ಇದೆಯಾ ಕೇಳಿ.

ಹಂತ 2: ಎರಡು ಮನೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿ

ಒಂದು ಉದಾಹರಣೆ ನೋಡಿ. ಮೊದಲ ಮನೆ ಎಲ್ಲಾ ಸೇರಿ 16,000. ಎರಡನೆಯದು ಬಾಡಿಗೆ 13,500, ಮೇಂಟೆನೆನ್ಸ್ 1,000, ನೀರಿಗೆ 300, ಕರೆಂಟು ಬೇರೆ ಮೀಟರ್. ತಿಂಗಳಿಗೆ 110 ಯೂನಿಟ್ ಬಳಸುವ ಮೂರು ಜನರ ಮನೆ ಅಂತ ಇಟ್ಟುಕೊಳ್ಳಿ. ಸರ್ಕಾರದ ಉಚಿತ ಕರೆಂಟು ಯೋಜನೆಯಾದ ಗೃಹಜ್ಯೋತಿ (ವಿವರ ಹಂತ 5ರಲ್ಲಿದೆ) ಸಿಕ್ಕರೆ ಎರಡನೆಯ ಮನೆಯ ಕರೆಂಟು ಬಿಲ್ಲು ಸುಮಾರು 400 ಬರಬಹುದು. ಒಟ್ಟು 15,200. ತಿಂಗಳಿಗೆ 800, ವರ್ಷಕ್ಕೆ 9,600 ರೂಪಾಯಿ ಉಳಿತಾಯ.

ಈಗ ಅಡ್ವಾನ್ಸ್ ಸೇರಿಸಿ ನೋಡಿ. ಮೊದಲ ಮನೆಗೆ 50 ಸಾವಿರ, ಎರಡನೆಯದಕ್ಕೆ ಒಂದು ಲಕ್ಷ ಕೇಳಿದರು ಅಂದುಕೊಳ್ಳಿ. ಹೆಚ್ಚಿಗೆ ಕೊಟ್ಟ 50 ಸಾವಿರ ಬ್ಯಾಂಕಿನಲ್ಲಿ 7 ಪರ್ಸೆಂಟ್ ಬಡ್ಡಿಗೆ ಇದ್ದಿದ್ದರೆ ವರ್ಷಕ್ಕೆ 3,500 ಬರುತ್ತಿತ್ತು. ಅದನ್ನು ಕಳೆದರೂ ಎರಡನೆಯ ಮನೆಯೇ ಅಗ್ಗ. ಆದರೆ ಆ 50 ಸಾವಿರವನ್ನು ಕೈಸಾಲ ಮಾಡಿ ತರಬೇಕು ಅನ್ನುವ ಪರಿಸ್ಥಿತಿ ಇದ್ದರೆ ಲೆಕ್ಕ ತಿರುಗಿಬೀಳುತ್ತದೆ. ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ ಅಂದರೂ ವರ್ಷಕ್ಕೆ 12,000. ಆಗ ಮೊದಲ ಮನೆಯೇ ಸರಿ.

ಮನೆಯಿಂದ ಕೆಲಸಕ್ಕೆ ಹೋಗಿಬರುವ ಖರ್ಚನ್ನೂ ಇದೇ ತಕ್ಕಡಿಗೆ ಹಾಕಿ. ಆಫೀಸಿನ ಹತ್ತಿರವೇ ಮನೆ ಬೇಕು ಅಂತ ಹಟ ಹಿಡಿದರೆ ಬಾಡಿಗೆ ಜಾಸ್ತಿ. ನೇರಳೆ ಮೆಟ್ರೊ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಹೋಗುತ್ತದೆ. ಹಸಿರು ಮಾರ್ಗ ಮಾದಾವರದಿಂದ ರೇಷ್ಮೆ ಸಂಸ್ಥೆವರೆಗೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗವೂ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಶುರುವಾಯಿತು. ಈ ಮಾರ್ಗಗಳ ತುದಿಯ ಕಡೆ, ಸ್ಟೇಷನ್ನಿನಿಂದ ಹತ್ತು ಹದಿನೈದು ನಿಮಿಷ ನಡೆಯುವ ದೂರದಲ್ಲಿ ಹುಡುಕಿ. ಸ್ಟೇಷನ್ ಎದುರಿನ ರಸ್ತೆಗೂ ಎರಡು ಅಡ್ಡರಸ್ತೆ ಒಳಗಿನ ಮನೆಗೂ ಬಾಡಿಗೆಯಲ್ಲಿ ಚೆನ್ನಾಗಿಯೇ ವ್ಯತ್ಯಾಸ ಇರುತ್ತದೆ. ಮೆಟ್ರೊ ದರ 2025ರ ಫೆಬ್ರುವರಿಯಲ್ಲಿ ಏರಿದೆ. ಒಂದು ದಿನ ಹೋಗಿಬರುವ ಖರ್ಚನ್ನು ತಿಂಗಳ ಕೆಲಸದ ದಿನ ಅಂತ 25ರಿಂದ ಗುಣಿಸಿ ಬಾಡಿಗೆಗೆ ಕೂಡಿಸಿ. ಕರ್ನಾಟಕದ ಹೆಂಗಸರಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ಟಿಕೆಟ್ ಖರ್ಚಿಲ್ಲ. ನೇರ ಬಸ್ಸಿರುವ ಏರಿಯಾ ಹಿಡಿದರೆ ಅದೇ ದೊಡ್ಡ ಉಳಿತಾಯ.

ಹಂತ 3: ಯಾವಾಗ, ಎಲ್ಲಿ ಹುಡುಕಬೇಕು

ಆಷಾಢದಲ್ಲಿ ಹುಡುಕಿ. ನಮ್ಮಲ್ಲಿ ಆಷಾಢದಲ್ಲಿ ಹೊಸ ಮನೆಗೆ ಹಾಲು ಉಕ್ಕಿಸಲು ಜನ ಹಿಂದೆಮುಂದೆ ನೋಡುತ್ತಾರೆ. ಧನುರ್ಮಾಸದಲ್ಲೂ ಹಾಗೇ. ಆ ತಿಂಗಳುಗಳಲ್ಲಿ ಖಾಲಿ ಬಿದ್ದ ಮನೆಗೆ ಕೇಳುವವರು ಕಡಿಮೆ, ಓನರ್‌ಗಳು ಮಾತಿಗೆ ಬಗ್ಗುತ್ತಾರೆ. ತಮ್ಮನಿಗೆ ಆಷಾಢದಲ್ಲಿ ಮನೆ ನೋಡಿದಾಗ ಬಾಡಿಗೆಯಲ್ಲಿ ಸಾವಿರ ರೂಪಾಯಿ, ಅಡ್ವಾನ್ಸ್‌ನಲ್ಲಿ ಎರಡು ತಿಂಗಳಿನಷ್ಟು ಕಡಿಮೆ ಮಾಡಿಸಿದ್ದೆವು. ಮನಸ್ಸು ಒಪ್ಪದಿದ್ದರೆ ಆಷಾಢದಲ್ಲಿ ಮಾತು ಮುಗಿಸಿ, ಶ್ರಾವಣ ಹುಟ್ಟಿದ ಮೇಲೆ ಹಾಲು ಉಕ್ಕಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಬೆಲೆ ಬಿಗಿ. ಮಕ್ಕಳ ಸ್ಕೂಲಿನ ಲೆಕ್ಕ ಹಾಕಿ ಎಲ್ಲರೂ ಆಗಲೇ ಮನೆ ಬದಲಿಸುವುದು. ಆದರೆ ಒಂದು ಮಾತು: ನೀರಿನ ನಿಜವಾದ ಕಥೆ ಗೊತ್ತಾಗುವುದು ಬೇಸಿಗೆಯಲ್ಲೇ. ಮಳೆಗಾಲದಲ್ಲಿ ಮನೆ ಹಿಡಿಯುವವರು ನೀರಿನ ವಿಚಾರದಲ್ಲಿ ಎರಡು ಪಟ್ಟು ಹುಷಾರಾಗಿರಬೇಕು.

ಆನ್‌ಲೈನ್‌ನಲ್ಲಿ ಹುಡುಕಿ, ಬೇಡ ಅನ್ನುವುದಿಲ್ಲ. ಆದರೆ ಕಡಿಮೆ ಬಾಡಿಗೆಯ ಎಷ್ಟೋ ಮನೆ ಆನ್‌ಲೈನ್‌ಗೆ ಬರುವುದೇ ಇಲ್ಲ. ಗೇಟಿಗೆ ನೇತು ಹಾಕಿದ ‘ಮನೆ ಬಾಡಿಗೆಗೆ ಇದೆ’ ಬೋರ್ಡಿನಲ್ಲೇ ಮುಗಿದುಹೋಗುತ್ತವೆ. ಭಾನುವಾರ ಬೆಳಿಗ್ಗೆ ಏರಿಯಾದಲ್ಲಿ ಎರಡು ಗಂಟೆ ನಡೆಯಿರಿ. ದಿನಸಿ ಅಂಗಡಿಯವರು, ಇಸ್ತ್ರಿ ಅಂಗಡಿಯವರು, ಹಾಲಿನ ಬೂತಿನವರನ್ನು ಕೇಳಿ. ಅವರಿಗೆ ಮನೆ ಖಾಲಿ ಇರುವುದೂ ಗೊತ್ತು, ಹಿಂದಿನವರು ಯಾಕೆ ಬಿಟ್ಟು ಹೋದರು ಅನ್ನುವುದೂ ಗೊತ್ತು.

ಬ್ರೋಕರ್ ಮೂಲಕ ಹೋದರೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಕಮಿಷನ್. ಮನೆ ತೋರಿಸುವುದಕ್ಕೇ ದುಡ್ಡು ಕೇಳುವವರ ಹತ್ತಿರ ಹೋಗಬೇಡಿ.

ಮೋಸದ ಬಗ್ಗೆಯೂ ಹೇಳಬೇಕು. ‘ನಾನು ಸೇನೆಯಲ್ಲಿದ್ದೇನೆ, ಬೇರೆ ಊರಿಗೆ ವರ್ಗ ಆಗಿದೆ, ಟೋಕನ್ ಕಳಿಸಿದರೆ ಕೀ ಕೊಡಿಸುತ್ತೇನೆ’ ಅಂತ ಫೋನ್ ಮಾಡುವವರು ಇದ್ದಾರೆ. ಫೋಟೊಗಳು ಬೇರೆ ಯಾರದೋ ಮನೆಯವು. ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿದರೆ ನಿಮಗೇ ದುಡ್ಡು ಬರುತ್ತದೆ ಅನ್ನುತ್ತಾರೆ. ದುಡ್ಡು ಪಡೆಯುವುದಕ್ಕೆ ಯಾವತ್ತೂ ಪಿನ್ ಹಾಕಬೇಕಾಗಿಲ್ಲ. ಮನೆಯೊಳಗೆ ಕಾಲಿಡದೆ, ಓನರ್ ಮುಖ ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಹಂತ 4: ನೀರು ನೋಡಿ, ಆಮೇಲೆ ಮನೆ ನೋಡಿ

ಟೈಲ್ಸ್, ವಾರ್ಡ್‌ರೋಬ್ ಎಲ್ಲ ಆಮೇಲೆ. ಮೊದಲು ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿ. ನಲ್ಲಿಯ ಬಾಯಿಗೆ, ಶವರ್ ತೂತುಗಳಿಗೆ ಬಿಳಿ ಪದರ ಕಟ್ಟಿದ್ದರೆ ಅದು ಗಡಸು ಬೋರ್ ನೀರು. ಸೋಪು ನೊರೆ ಬರುವುದಿಲ್ಲ, ಗೀಸರ್ ಬೇಗ ಕೆಡುತ್ತದೆ, ಕುಡಿಯಲು ಕ್ಯಾನ್ ನೀರು ತರಬೇಕು. ಒಂದು ಬಾಟಲಿಯಲ್ಲಿ ಆ ನೀರು ಹಿಡಿದು, ಸ್ವಲ್ಪ ಸೋಪು ಹಾಕಿ ಕುಲುಕಿ ನೋಡಿ. ನೊರೆ ಬಂದರೆ ಚಿಂತೆಯಿಲ್ಲ.

ಮೂರು ಜನರಿಗೆ ಎಷ್ಟು ನೀರು ಬೇಕು? ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವುದು ನೀರು ಪೂರೈಕೆಯ ಯೋಜನೆಗಳಲ್ಲಿ ಹಿಡಿಯುವ ಲೆಕ್ಕ. ಮೂರು ಜನಕ್ಕೆ ತಿಂಗಳಿಗೆ ಸುಮಾರು 12,000 ಲೀಟರ್ ಆಯಿತು. ಅಂದರೆ ಸರಿಯಾಗಿ ಒಂದು ದೊಡ್ಡ ಟ್ಯಾಂಕರ್. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರ್‌ಗೆ ದರ ನಿಗದಿ ಮಾಡಿತು. 12,000 ಲೀಟರಿಗೆ 5 ಕಿಲೋಮೀಟರ್ ಒಳಗಾದರೆ 1,000 ರೂಪಾಯಿ, 10 ಕಿಲೋಮೀಟರ್‌ವರೆಗೆ 1,200. ಪೂರ್ತಿ ಟ್ಯಾಂಕರ್ ಮೇಲೆ ನಿಂತ ಮನೆಯಲ್ಲಿ ನೀರಿಗೇ ತಿಂಗಳಿಗೆ ಸಾವಿರದ ಆಸುಪಾಸು ಹೋಗುತ್ತದೆ ಅಂತ ಇದರಿಂದ ಗೊತ್ತಾಗುತ್ತದೆ. ಟ್ಯಾಂಕರ್ ಮನೆಯಲ್ಲಿ ‘ನೀರು ಸೇರಿ’ ಅಂತ ಓನರ್ ಬರೆದುಕೊಟ್ಟರೆ ಅದು ನಿಜವಾಗಿಯೂ ಬೆಲೆಯಿರುವ ಮಾತು. ಕಾವೇರಿ ಮನೆಯಲ್ಲಿ ಅದೇ ಮಾತಿಗೆ ಅಷ್ಟು ಬೆಲೆ ಇಲ್ಲ, ಯಾಕೆಂದರೆ ಅಲ್ಲಿ ನೀರಿನ ಖರ್ಚೇ ಕಡಿಮೆ. ಜಲಮಂಡಳಿ 2025ರ ಏಪ್ರಿಲ್‌ನಲ್ಲಿ, 2014ರ ನಂತರ ಮೊದಲ ಬಾರಿಗೆ ದರ ಏರಿಸಿತು. ಆದರೂ ಸಣ್ಣ ಸಂಸಾರಕ್ಕೆ ಕಾವೇರಿ ನೀರು ಟ್ಯಾಂಕರಿಗಿಂತ ಎಷ್ಟೋ ಅಗ್ಗ.

ಕಾವೇರಿ 5ನೇ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆ ಆಯಿತು. ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ನೀರು ಕೊಡುವುದಕ್ಕೆ ಮಾಡಿದ ಯೋಜನೆ ಅದು. ಆ ಕಡೆ ಮನೆ ನೋಡುವಾಗ ‘ಏರಿಯಾಗೆ ಕಾವೇರಿ ಬಂದಿದೆಯಾ’ ಅಂತ ಕೇಳಿ ಸುಮ್ಮನಾಗಬೇಡಿ. ರಸ್ತೆಗೆ ಪೈಪು ಬಂದಿದ್ದರೂ ಕಟ್ಟಡಕ್ಕೆ ಕನೆಕ್ಷನ್ ತೆಗೆದುಕೊಂಡಿರದೇ ಇರಬಹುದು. ಜಲಮಂಡಳಿಯ ಬಿಲ್ಲು ತೋರಿಸಿ ಅಂತ ಕೇಳಿ. ಬಿಲ್ಲು ಇದ್ದರೆ ಕನೆಕ್ಷನ್ ಇದೆ.

ಆಮೇಲೆ ನೆರೆಮನೆಯವರನ್ನು ಮಾತಾಡಿಸಿ. ವಾರಕ್ಕೆ ಎಷ್ಟು ದಿನ ನೀರು ಬಿಡುತ್ತಾರೆ, ಸಂಪು ಎಷ್ಟು ದೊಡ್ಡದು, ಮೇಲಿನ ಟ್ಯಾಂಕು ಎಲ್ಲರಿಗೂ ಒಂದೇನಾ, ಓನರ್ ಮೋಟರ್‌ಗೆ ಬೀಗ ಹಾಕುತ್ತಾರಾ. ಕೊನೆಯ ಪ್ರಶ್ನೆ ಯಾಕೆ ಅಂದರೆ, ನೀರು ಸೇರಿದ ಕೆಲವು ಮನೆಗಳಲ್ಲಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮಾತ್ರ ನೀರು ಬಿಡುತ್ತಾರೆ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಹತ್ತಕ್ಕೆ ಮನೆಗೆ ಬರುವವರಿಗೆ ಅದು ದೊಡ್ಡ ಕಷ್ಟ.

ಹಂತ 5: ಕರೆಂಟಿನ ಮೀಟರ್ ಎದುರು ನಿಂತು ಮಾತಾಡಿ

ನನ್ನ ಅನುಭವದಲ್ಲಿ ಜನ ಅತಿ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇಲ್ಲಿಯೇ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ನಿಮ್ಮ ಮನೆಗೆ ಬೆಸ್ಕಾಂ ಕೊಟ್ಟ ಸ್ವಂತ ಮೀಟರ್ ಇದೆಯಾ, ಇಲ್ಲ ಓನರ್ ಹಾಕಿಸಿದ ಸಬ್ ಮೀಟರಾ ನೋಡಿ. ಸ್ವಂತ ಮೀಟರ್ ಆದರೆ ಅದಕ್ಕೆ ಆರ್‌ಆರ್ ನಂಬರ್ (ಬೆಸ್ಕಾಂ ಕನೆಕ್ಷನ್ನಿನ ಗುರುತಿನ ನಂಬರ್) ಇರುತ್ತದೆ, ಪ್ರತ್ಯೇಕ ಬಿಲ್ಲು ಬರುತ್ತದೆ. ಹಳೆಯ ಮೂರು ತಿಂಗಳ ಬಿಲ್ಲು ಕೇಳಿ. ಅದರಲ್ಲಿ ಬಾಕಿ ಇದೆಯಾ, ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್, ಮನೆ ಬಳಕೆಯ ದರವಾ ಅಂಗಡಿ ದರವಾ ನೋಡಿ. ಕೆಲವು ಕಟ್ಟಡಗಳಲ್ಲಿ ಮನೆಗೂ ವಾಣಿಜ್ಯ ಮೀಟರ್ ಇರುತ್ತದೆ. ಅಂಥ ಕಡೆ ಯೂನಿಟ್ ದರವೂ ಜಾಸ್ತಿ, ಗೃಹಜ್ಯೋತಿಯೂ ಸಿಗುವುದಿಲ್ಲ.

ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ. ಎಷ್ಟೋ ಜನ ಇದು ಮನೆ ಮಾಲೀಕರಿಗೆ ಮಾತ್ರ ಅಂದುಕೊಂಡಿದ್ದಾರೆ, ಹಾಗಲ್ಲ. 2023ರಲ್ಲಿ ಶುರುವಾದ ಈ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ಒಳಗೆ ಬಳಸುವ ಮನೆಗೆ, ಅದರ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಉಚಿತ ಯೂನಿಟ್ ಕೊಡುತ್ತಾರೆ. ಹಿಂದಿನ ಬಳಕೆಯ ಲೆಕ್ಕ ಇಲ್ಲದವರಿಗೆ ರಾಜ್ಯದ ಸರಾಸರಿ 53 ಯೂನಿಟ್ ಹಿಡಿದು, ಅದರ ಮೇಲೆ 10 ಪರ್ಸೆಂಟ್ ಸೇರಿಸಿ 58 ಯೂನಿಟ್ ಅಂತ ಸರ್ಕಾರ ಆಗ ಹೇಳಿತ್ತು. ಆ ಮಿತಿ ದಾಟಿದರೆ ಹೆಚ್ಚಿನ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲು ನಾವೇ ಕಟ್ಟಬೇಕು. ಸರ್ಕಾರದ ಸೇವಾಸಿಂಧು ವೆಬ್‌ಸೈಟಿನಲ್ಲಿ ಆಧಾರ್ ಮತ್ತು ಬಿಲ್ಲಿನಲ್ಲಿರುವ ಅಕೌಂಟ್ ಐಡಿ ಕೊಟ್ಟು ಅರ್ಜಿ ಹಾಕಬೇಕು. ಒಬ್ಬರ ಆಧಾರ್‌ಗೆ ಒಂದೇ ಮೀಟರ್. ಹಿಂದೆ ಇದ್ದವರು ತಮ್ಮ ಆಧಾರ್ ಬಿಡಿಸಿಕೊಳ್ಳದೆ ಹೋಗಿದ್ದರೆ ನಿಮ್ಮ ಅರ್ಜಿಗೆ ತೊಂದರೆ. ಹಾಗಾಗಿ ಅಡ್ವಾನ್ಸ್ ಕೊಡುವ ಮೊದಲೇ ‘ಈ ಮೀಟರಿಗೆ ಯಾರ ಆಧಾರ್ ಲಿಂಕ್ ಆಗಿದೆ?’ ಅಂತ ಓನರನ್ನು ಕೇಳಿ, ಡಿ-ಲಿಂಕ್ ಮಾಡಿಸಿಕೊಡುವ ಮಾತು ತೆಗೆದುಕೊಳ್ಳಿ.

ಕೆಲವು ಕಡೆ ಸ್ವಂತ ಮೀಟರ್ ಇದ್ದರೂ ಓನರ್ ‘ಕರೆಂಟು ಸೇರಿ’ ಅಂತ ಬಾಡಿಗೆ ಹೇಳುತ್ತಾರೆ. ಅಲ್ಲಿ ಗೃಹಜ್ಯೋತಿ ಅವರ ಮನೆಯವರ ಆಧಾರ್‌ಗೆ ಲಿಂಕ್ ಆಗಿರುತ್ತದೆ, ಬಿಲ್ಲು ಸೊನ್ನೆ ಬರುತ್ತದೆ. ನಾವು ಮಾತ್ರ ತಿಂಗಳಿಗೆ ಎಂಟುನೂರು, ಸಾವಿರ ಕೊಡುತ್ತಿರುತ್ತೇವೆ. ಸರ್ಕಾರ ನಮಗೆ ಅಂತ ಕೊಟ್ಟ ಅನುಕೂಲ ಅದು. ಅದನ್ನು ಬಾಯಿಬಿಟ್ಟು ಕೇಳುವುದರಲ್ಲಿ ಸಂಕೋಚ ಬೇಡ. ‘ಕರೆಂಟು ನಾನೇ ಕಟ್ಕೋತೀನಿ, ಬಾಡಿಗೆಯಲ್ಲಿ ಅಷ್ಟು ಕಡಿಮೆ ಮಾಡಿ’ ಅನ್ನಿ.

ಸಬ್ ಮೀಟರ್ ಮನೆಗೆ ಗೃಹಜ್ಯೋತಿ ಸಿಗುವುದಿಲ್ಲ, ಯಾಕೆಂದರೆ ಬೆಸ್ಕಾಂ ಲೆಕ್ಕದಲ್ಲಿ ಇಡೀ ಕಟ್ಟಡಕ್ಕೆ ಒಂದೇ ಮೀಟರ್. ಜೊತೆಗೆ ಓನರ್ ಯೂನಿಟ್‌ಗೆ 9, 10 ರೂಪಾಯಿ ಹಾಕುವುದುಂಟು. ಬೆಸ್ಕಾಂನ ಮನೆ ಬಳಕೆಯ ದರ 2025ರ ಏಪ್ರಿಲ್‌ನಲ್ಲಿ ಯೂನಿಟ್‌ಗೆ 5 ರೂಪಾಯಿ 80 ಪೈಸೆ ಆಯಿತು. ಅದರ ಮೇಲೆ ನಿಗದಿತ ಶುಲ್ಕ, ಸರ್‌ಚಾರ್ಜ್, ತೆರಿಗೆ ಸೇರುತ್ತದೆ. ಹತ್ತು ರೂಪಾಯಿ ಕೇಳಿದರೆ ಮೇನ್ ಮೀಟರಿನ ಬಿಲ್ಲು ತೋರಿಸಿ ಅನ್ನಿ. ಬಿಲ್ಲಿನ ಒಟ್ಟು ಮೊತ್ತವನ್ನು ಒಟ್ಟು ಯೂನಿಟ್‌ನಿಂದ ಭಾಗಿಸಿದರೆ ಸರಿಯಾದ ದರ ಬರುತ್ತದೆ, ಅದನ್ನೇ ಕೊಡುವುದಾಗಿ ಹೇಳಿ. ಒಪ್ಪದ ಓನರ್ ಸಿಕ್ಕರೆ ಆ ದರವನ್ನೇ ನಿಮ್ಮ ಲೆಕ್ಕಕ್ಕೆ ಹಾಕಿ, ಮನೆ ಬೇಕೋ ಬೇಡವೋ ನೋಡಿ.

ನಿಮ್ಮ ಬಳಕೆ ಎಷ್ಟು ಅಂತ ಗೊತ್ತಿಲ್ಲವೇ? ಸುಲಭ ಲೆಕ್ಕ ಇದೆ. ಸಾವಿರ ವ್ಯಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್. 2,000 ವ್ಯಾಟ್ ಗೀಸರ್ ಅರ್ಧ ಗಂಟೆಗೆ ಒಂದು ಯೂನಿಟ್ ತಿನ್ನುತ್ತದೆ. ದಿನಕ್ಕೆ ಮುಕ್ಕಾಲು ಗಂಟೆ ಹಾಕಿದರೆ ತಿಂಗಳಿಗೆ 45 ಯೂನಿಟ್. ಇಂಡಕ್ಷನ್ ಒಲೆ ದಿನಕ್ಕೆ ಒಂದು ಗಂಟೆ ಬಳಸಿದರೆ ಇನ್ನೂ ಅಷ್ಟೇ. ಸಣ್ಣ ಮನೆಯಲ್ಲಿ ಬಿಲ್ಲು ಏರಿಸುವುದು ಮುಖ್ಯವಾಗಿ ಇವೆರಡು. ಮಹಡಿ ಮೇಲೆ ಸೋಲಾರ್ ಇದ್ದು, ಅದರ ಪೈಪು ನಿಮ್ಮ ಬಚ್ಚಲಿಗೂ ಬಂದಿದ್ದರೆ ತಿಂಗಳಿಗೆ ಇನ್ನೂರು ಮುನ್ನೂರು ಬಾಡಿಗೆ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಗ್ಯಾಸ್ ವಿಚಾರ ಚಿಕ್ಕದು. ‘ಸೇರಿದ’ ಬಾಡಿಗೆಯಲ್ಲಿ ಗ್ಯಾಸ್ ಇರುವುದು ಅಪರೂಪ. ಊರಿನ ಕನೆಕ್ಷನ್ ಇದ್ದರೆ ಹೊಸ ವಿಳಾಸಕ್ಕೆ ವರ್ಗಾಯಿಸಿಕೊಳ್ಳಿ. ಒಬ್ಬರೇ ಇರುವವರಿಗೆ 5 ಕೆಜಿ ಸಣ್ಣ ಸಿಲಿಂಡರ್ ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ, ವಿಳಾಸದ ದಾಖಲೆ ಬೇಕಿಲ್ಲ.

ಹಂತ 6: ಮಾತುಕತೆ

ಬೆಂಗಳೂರಿನಲ್ಲಿ ಹಿಂದೆ ಹತ್ತು ತಿಂಗಳ ಅಡ್ವಾನ್ಸ್ ಮಾಮೂಲು. ಈಗಲೂ ಕೇಳುವವರಿದ್ದಾರೆ, ಆದರೆ ಐದಾರು ತಿಂಗಳಿಗೆ, ಇನ್ನೂ ಕಡಿಮೆಗೆ ಒಪ್ಪುವವರು ಜಾಸ್ತಿಯಾಗಿದ್ದಾರೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಅನ್ನುತ್ತದೆ. ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಮಾತ್ರ, ಹಾಗಾಗಿ ಅದನ್ನು ಹಿಡಿದು ಓನರ್ ಜೊತೆ ವಾದ ಮಾಡಿ ಗೆಲ್ಲಲು ಆಗುವುದಿಲ್ಲ. ನಮ್ಮ 1999ರ ಕರ್ನಾಟಕ ಬಾಡಿಗೆ ಕಾಯ್ದೆಯೂ ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ದಾಟಿದ ಮನೆಗಳಿಗೆ ಅನ್ವಯಿಸುವುದಿಲ್ಲ. ಇವತ್ತಿನ ಬಾಡಿಗೆಗೆ ಆ ಮಿತಿ ಎಲ್ಲಿ ಸಾಕು? ಹೀಗಾಗಿ ನಮ್ಮನ್ನು ಕಾಪಾಡುವುದು ಹೆಚ್ಚುಕಡಿಮೆ ಅಗ್ರಿಮೆಂಟ್ ಒಂದೇ. ಅದಕ್ಕೇ ಅಷ್ಟು ಒತ್ತಿ ಹೇಳುತ್ತಿರುವುದು.

ಬಾಡಿಗೆ ಇಳಿಸಲು ಒಪ್ಪದವರು ಬೇರೆ ಕಡೆ ಬಿಟ್ಟುಕೊಡುತ್ತಾರೆ. ಮೇಂಟೆನೆನ್ಸ್ ಬಾಡಿಗೆಯೊಳಗೆ ಸೇರಿಸಿ, ಬೈಕ್ ಪಾರ್ಕಿಂಗ್ ಸೇರಿಸಿ, ವರ್ಷಕ್ಕೆ 10 ಪರ್ಸೆಂಟ್ ಬದಲು 5 ಪರ್ಸೆಂಟ್ ಏರಿಸಿ, ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಮುರಿಯುವ ಬದಲು ಅರ್ಧ ತಿಂಗಳಿನದು ಮುರಿಯಿರಿ, ಹೀಗೆ ಕೇಳಿ. ಗೌರವದಿಂದ ಮಾತಾಡಿ. ಓನರ್ ಮನೆಯ ಅಮ್ಮನವರ ಜೊತೆ ಕೂತು ಹತ್ತು ನಿಮಿಷ ಊರು, ಮನೆ ಅಂತ ಮಾತಾಡಿದರೆ ಬ್ರೋಕರ್ ಎದುರು ಆಗದ್ದು ಆಗುತ್ತದೆ. ಅವರಿಗೂ ಬೇಕಾಗಿರುವುದು ಬಾಡಿಗೆ ತಪ್ಪಿಸದ, ಮನೆಯನ್ನು ಚೆನ್ನಾಗಿ ನೋಡಿಕೊಳ್ಳುವ ಜನ.

ಒಬ್ಬಂಟಿ ಹುಡುಗರಿಗೆ, ಅದಕ್ಕಿಂತ ಹೆಚ್ಚಾಗಿ ಒಬ್ಬಂಟಿ ಹೆಣ್ಣುಮಕ್ಕಳಿಗೆ ಈ ಊರಿನಲ್ಲಿ ಮನೆ ಸಿಗುವುದು ಕಷ್ಟ. ಜಾತಿ ಕೇಳುತ್ತಾರೆ, ಏನು ತಿನ್ನುತ್ತೀರಿ ಅಂತ ಕೇಳುತ್ತಾರೆ. ಇದು ತಪ್ಪು, ನೋವಾಗುತ್ತದೆ. ಸುಳ್ಳು ಹೇಳಿ ಮನೆ ಹಿಡಿಯಬೇಡಿ ಅಂತ ಮಾತ್ರ ಹೇಳುತ್ತೇನೆ. ಮೂರು ತಿಂಗಳಿಗೆ ಗೊತ್ತಾಗಿ, ಮನೆ ಖಾಲಿ ಮಾಡಿ ಅಂದಾಗ ಕಷ್ಟ ಪಡುವವರು ನಾವೇ. ನಮ್ಮನ್ನು ನಾವಿದ್ದ ಹಾಗೇ ಒಪ್ಪುವ ಓನರ್‌ಗಳೂ ಇದ್ದಾರೆ, ನಾಲ್ಕು ಮನೆ ಹೆಚ್ಚಿಗೆ ತಿರುಗಬೇಕು.

ಭೋಗ್ಯದ ಬಗ್ಗೆ ಒಂದು ಎಚ್ಚರಿಕೆ. ಎಂಟು ಹತ್ತು ಲಕ್ಷ ಒಟ್ಟಿಗೆ ಕೊಟ್ಟರೆ ಬಾಡಿಗೆಯೇ ಬೇಡ ಅನ್ನುವ ‘ಲೀಸ್’ ಮನೆ ನೋಡಲು ಬಹಳ ಅಗ್ಗ. ಆದರೆ ಮನೆಯ ಮೇಲೆ ಬ್ಯಾಂಕ್ ಸಾಲ ಇದ್ದು ಓನರ್ ಕಟ್ಟದೆ ಹೋದರೆ ನಿಮ್ಮ ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ. ಮನೆಯ ಮೇಲೆ ಸಾಲ ಇದೆಯಾ ಅಂತ ತಿಳಿಸುವ ಋಣಭಾರ ಪತ್ರ (ಇಸಿ) ತೆಗೆಸದೆ, ಪತ್ರವನ್ನು ನೋಂದಣಿ ಮಾಡಿಸದೆ ಭೋಗ್ಯಕ್ಕೆ ಹೋಗಲೇಬೇಡಿ.

ಹಂತ 7: ಅಗ್ರಿಮೆಂಟ್‌ನಲ್ಲಿ ಈ ಸಾಲುಗಳು ಇರಲಿ

ಅಗ್ರಿಮೆಂಟ್ ಸಾಮಾನ್ಯವಾಗಿ 11 ತಿಂಗಳಿಗೆ ಮಾಡುತ್ತಾರೆ. ಒಂದು ವರ್ಷ ದಾಟಿದ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಣಿ ಮಾಡಿಸಲೇಬೇಕು, ಅದಕ್ಕೇ ಈ 11ರ ಲೆಕ್ಕ. ಇ-ಸ್ಟ್ಯಾಂಪ್ ಪೇಪರಿನ ಮೇಲೆ ಇಬ್ಬರೂ ಸಹಿ ಹಾಕಿ, ಇಬ್ಬರು ಸಾಕ್ಷಿಗಳಿಂದ ಸಹಿ ಹಾಕಿಸಿ. ಅಂಗಡಿಯವರ ಹತ್ತಿರ ಇರುವ ಸಿದ್ಧ ಅಗ್ರಿಮೆಂಟ್‌ನಲ್ಲಿ ನೀರು, ಕರೆಂಟಿನ ಬಗ್ಗೆ ಅರ್ಧ ಸಾಲು ಇರುತ್ತದೆ ಅಷ್ಟೇ. ಅದರ ಬದಲು ನಾನು ಹೀಗೆ ಬರೆಸುತ್ತೇನೆ:

“ತಿಂಗಳ ಬಾಡಿಗೆ 16,000 ರೂಪಾಯಿ. ಇದರಲ್ಲಿ ಕಾವೇರಿ, ಬೋರ್ ಮತ್ತು ಟ್ಯಾಂಕರ್ ನೀರು, ಮೋಟರ್, ಲಿಫ್ಟ್ ಹಾಗೂ ಮೆಟ್ಟಿಲ ದೀಪದ ಕರೆಂಟು, ಮೇಂಟೆನೆನ್ಸ್ ಮತ್ತು ಒಂದು ಬೈಕ್ ಪಾರ್ಕಿಂಗ್ ಸೇರಿವೆ. ಮನೆಯೊಳಗಿನ ಕರೆಂಟು ಬಿಲ್ಲನ್ನು ಬಾಡಿಗೆದಾರರು ನೇರವಾಗಿ ಬೆಸ್ಕಾಂಗೆ ಕಟ್ಟುತ್ತಾರೆ. ಇವುಗಳನ್ನು ಬಿಟ್ಟು ಬೇರೆ ಯಾವ ಮೊತ್ತವನ್ನೂ ಮಾಲೀಕರು ಕೇಳುವಂತಿಲ್ಲ.”

ಕೊನೆಯ ಆ ಒಂದು ವಾಕ್ಯ ಎಷ್ಟೋ ಜಗಳ ತಪ್ಪಿಸಿದೆ. ಇದರ ಜೊತೆಗೆ ಅಡ್ವಾನ್ಸ್ ಎಷ್ಟು, ಯಾವ ಖಾತೆಗೆ ಯಾವ ದಿನ ಹೋಯಿತು, ಖಾಲಿ ಮಾಡಿದಾಗ ಎಷ್ಟು ದಿನದೊಳಗೆ ವಾಪಸ್, ಪೇಂಟಿಂಗ್‌ಗೆ ಎಷ್ಟು ಮುರಿಯುತ್ತಾರೆ, ಎಷ್ಟು ತಿಂಗಳ ಮುಂಚೆ ತಿಳಿಸಬೇಕು, ಇವೆಲ್ಲ ಅಂಕಿಯಲ್ಲಿ ಇರಲಿ. ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕೊಡಿ. ಪೂರ್ತಿ ನಗದು ಕೇಳಿದರೆ ರಸೀದಿ ಇಲ್ಲದೆ ಕೊಡಬೇಡಿ.

ಸಹಿ ಮಾಡುವವರು ನಿಜವಾದ ಮಾಲೀಕರಾ ಅಂತಲೂ ನೋಡಬೇಕು. ಆಸ್ತಿ ತೆರಿಗೆ ರಸೀದಿ, ಆಧಾರ್, ಕರೆಂಟು ಬಿಲ್ಲು ಮೂರರಲ್ಲೂ ಹೆಸರು ಹೊಂದಬೇಕು. ಬಿಲ್ಲು ತಂದೆಯ ಹೆಸರಲ್ಲಿ ಇರುವುದು ಸಾಮಾನ್ಯ, ಕೇಳಿದರೆ ಹೇಳುತ್ತಾರೆ. ಎಚ್‌ಆರ್‌ಎ (ಸಂಬಳದ ಮನೆ ಬಾಡಿಗೆ ಭತ್ಯೆ) ತೆರಿಗೆ ವಿನಾಯಿತಿ ತೆಗೆದುಕೊಳ್ಳುವವರು ಓನರ್ ಪ್ಯಾನ್ ಕೊಡುತ್ತಾರಾ ಅಂತ ಈಗಲೇ ಕೇಳಿ. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಅದು ಬೇಕೇ ಬೇಕು.

ಹಂತ 8: ಕೀ ಕೈಗೆ ಬಂದ ದಿನ

ಸಾಮಾನು ಇಳಿಸುವ ಮೊದಲು ಫೋನ್ ತೆಗೆದು ವಿಡಿಯೊ ಮಾಡಿ. ಗೋಡೆಯ ತೇವ, ಒಡೆದ ಟೈಲ್ಸ್, ಬಾಗಿಲಿನ ಗೀರು, ಸಿಂಕ್ ಕೆಳಗಿನ ಸೋರಿಕೆ ಎಲ್ಲ ಬರಲಿ. ಮೀಟರ್ ರೀಡಿಂಗ್‌ನ ಫೋಟೊ ತೆಗೆದು ಅವತ್ತೇ ಓನರ್‌ಗೆ ವಾಟ್ಸಾಪ್ ಮಾಡಿ. ಸಬ್ ಮೀಟರ್ ಮನೆಯಾದರೆ ಪ್ರತಿ ತಿಂಗಳು ಒಂದನೇ ತಾರೀಕು ಹೀಗೆ ಮಾಡಿ. ಸಬ್ ಮೀಟರ್ ಮೇಲೆ ಅನುಮಾನ ಬಂದರೆ ಮನೆಯ ಎಲ್ಲ ಸ್ವಿಚ್ ಆಫ್ ಮಾಡಿ, ಫ್ರಿಜ್‌ನದೂ ಸೇರಿ, ಹತ್ತು ನಿಮಿಷ ಮೀಟರ್ ನೋಡಿ. ಆಗಲೂ ಓಡುತ್ತಿದ್ದರೆ ಬೇರೆ ಯಾವುದೋ ಲೈನ್ ನಿಮ್ಮ ಮೀಟರಿಗೆ ಸೇರಿದೆ. ನನ್ನ ಮೂರನೇ ಮನೆಯಲ್ಲಿ ಮೆಟ್ಟಿಲ ದೀಪ, ಗೇಟಿನ ದೀಪ ಎರಡೂ ನಮ್ಮ ಮೀಟರಿನಲ್ಲೇ ಇದ್ದವು. ಹೀಗೆ ನೋಡಿದ್ದಕ್ಕೇ ಗೊತ್ತಾಯಿತು.

ಇದ್ದಷ್ಟು ದಿನ ರಿಪೇರಿಯ ಮಾತು ಬರುತ್ತಲೇ ಇರುತ್ತದೆ. ಬಲ್ಬು, ನಲ್ಲಿಯ ವಾಷರ್ ನಮ್ಮದು. ಪೈಪು ಒಡೆದದ್ದು, ಛಾವಣಿ ಸೋರುವುದು, ಮೋಟರ್ ಕೆಟ್ಟದ್ದು ಓನರ್‌ದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ಓನರ್ ಮಾಡಿಸಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಸಾಕಷ್ಟು ಸಮಯದೊಳಗೆ ಮಾಡಿಸದಿದ್ದರೆ, ನಾವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಮೊದಲು ಬರವಣಿಗೆಯಲ್ಲಿ ತಿಳಿಸಿ, ಬಿಲ್ಲು ಇಟ್ಟುಕೊಳ್ಳಿ. ಕರೆಂಟಿನ ದೂರಿಗೆ ಬೆಸ್ಕಾಂ 1912, ಕಾವೇರಿ ನೀರಿನ ದೂರಿಗೆ ಜಲಮಂಡಳಿ 1916. ಎರಡೂ ಕಡೆ ಬಾಡಿಗೆದಾರರ ದೂರನ್ನೂ ತೆಗೆದುಕೊಳ್ಳುತ್ತಾರೆ.

ಹಂತ 9: ಖಾಲಿ ಮಾಡುವಾಗ

ಅಗ್ರಿಮೆಂಟ್‌ನಲ್ಲಿ ಹೇಳಿದಷ್ಟು ಮುಂಚೆ ವಾಟ್ಸಾಪ್‌ನಲ್ಲಿ ತಿಳಿಸಿ, ‘ಸರಿ’ ಅನ್ನುವ ಉತ್ತರ ತೆಗೆದುಕೊಳ್ಳಿ. ಕೊನೆಯ ಎರಡು ಮೂರು ತಿಂಗಳ ಬಾಡಿಗೆ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ ಅಂತ ಕೆಲವರು ಹೇಳುತ್ತಾರೆ. ಓನರ್ ಒಪ್ಪಿ ಬರೆದುಕೊಟ್ಟರೆ ಮಾಡಿ, ಇಲ್ಲದಿದ್ದರೆ ಬೇಡ, ಸಂಬಂಧ ಕೆಟ್ಟು ಉಳಿದ ಅಡ್ವಾನ್ಸ್ ಕೂಡ ನಿಂತುಹೋಗುತ್ತದೆ. ಕೊನೆಯ ದಿನ ಓನರ್ ಜೊತೆಗೇ ಮನೆ ಸುತ್ತಿ, ಮೊದಲ ದಿನದ ವಿಡಿಯೊ ಪಕ್ಕದಲ್ಲಿ ಇಟ್ಟುಕೊಂಡು ಲೆಕ್ಕ ಮುಗಿಸಿ. ಪೇಂಟಿಂಗ್, ಬಾಕಿ ಬಿಲ್ಲು ಎಷ್ಟು ಮುರಿದರು ಅಂತ ಒಂದು ಹಾಳೆಯಲ್ಲಿ ಬರೆಸಿ ಸಹಿ ತೆಗೆದುಕೊಳ್ಳಿ. ದುಡ್ಡು ಖಾತೆಗೆ ಬಂದ ಮೇಲೆ ಕೀ ಕೊಡಿ. ‘ಹೊಸಬರು ಬಂದ ಮೇಲೆ ಕೊಡ್ತೀನಿ’ ಅಂದರೆ ತಾರೀಕು ಹಾಕಿದ ಚೆಕ್ ಕೇಳಿ.

ಆ ಮನೆಯಿಂದ ಹೊರಡುವ ಮೊದಲು ಸೇವಾಸಿಂಧುಗೆ ಹೋಗಿ ಗೃಹಜ್ಯೋತಿಯಿಂದ ನಿಮ್ಮ ಆಧಾರ್ ಡಿ-ಲಿಂಕ್ ಮಾಡಿ. ಮಾಡದಿದ್ದರೆ ಹೊಸ ಮನೆಯಲ್ಲಿ ನಿಮಗೆ ಸಿಗುವುದಿಲ್ಲ, ಹಳೆಯ ಮನೆಗೆ ಬರುವ ಹೊಸಬರಿಗೂ ತೊಂದರೆ. ಅವರೂ ನಿಮ್ಮ ಹಾಗೇ ಎಲ್ಲಿಂದಲೋ ಟೆಂಪೊದಲ್ಲಿ ಸಾಮಾನು ತುಂಬಿಕೊಂಡು ಬರುವವರು. ಮೀಟರಿನ ಅಕೌಂಟ್ ಐಡಿ, ನೀರು ಬಿಡುವ ದಿನಗಳು, ಕಸದ ಗಾಡಿ ಬರುವ ಹೊತ್ತು ಒಂದು ಚೀಟಿಯಲ್ಲಿ ಬರೆದು ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಸಿ ಬನ್ನಿ.